ಹೋಬರ್ಟನ ಬಾಗಿಲ ಮೇಲಿನ ಕೋವಿ

ಅಮೆರಿಕದ ಅಪಲೇಚಿಯನ್ ಗುಡ್ಡಗಳ ನಮ್ಮ ಕಣಿವೆಯಲ್ಲಿ ಯಜಮಾನನ ಕೋವಿ ಬಾಗಿಲ ಮೇಲಿನ ಗೂಟಗಳಲ್ಲಿ, ಗುಂಡು ತುಂಬಿಕೊಂಡೇ ಇರುತ್ತದೆ. ಅವನ ಉಸಿರಿರುವ ತನಕ ಬೇರೆಯವರು ಅದನ್ನು ಇಳಿಸಿದರೆ ಅವನನ್ನು ಬದುಕಿರುವಾಗಲೇ ಹೂಳಿದಂತೆ ಎಂಬುದು ಹಿರಿಯರ ನಂಬಿಕೆ.

ನನ್ನ ಎದುರುಮನೆಯ ಹೋಬರ್ಟ್ ಪ್ರಿವೆಟ್ ಒಳ್ಳೆಯ ಮನುಷ್ಯ. ಚರ್ಚಿನಲ್ಲಿ ಎಲ್ಲರಿಗಿಂತ ಜೋರಾಗಿ ಹಾಡುತ್ತಿದ್ದ. ಹೆಂಡತಿ ವರ್ನಾ ಮಾಡಿದ ಜೋಳದ ರೊಟ್ಟಿಯನ್ನು ಮಜ್ಜಿಗೆಯಲ್ಲಿ ಮುರಿದು ಹಾಕಿಕೊಂಡು ತಿನ್ನುತ್ತಿದ್ದ. ಮಗ ಡೇಲ್ ರಾಜ್ಯದ ಶಾಸಕ. ಡೇಲ್ ಮತ್ತು ಅವನ ಹೆಂಡತಿ ಜನೀನ್ ಇದ್ದದ್ದೂ ಅದೇ ಮನೆಯಲ್ಲಿ.

ಮುದುಕನಿಗೆ ಮರೆವಿನ ಕಾಯಿಲೆ ಹಿಡಿಯಿತು. ಮೊದಲು ಹೆಸರುಗಳು ಹೋದವು, ಆಮೇಲೆ ದಾರಿಗಳು. ಹೋದವುಗಳ ಜಾಗಕ್ಕೆ ಒಬ್ಬ ಆಸಾಮಿ ಬಂದ.

"ಬೇಲಿ ಹತ್ರ ಯಾವನೋ ನಿಂತವ್ನೆ, ನೋಡು," ಎನ್ನುತ್ತಿದ್ದ ಹೋಬರ್ಟ್, ಹೊತ್ತು ಮುಳುಗುವಾಗ.

ಅಲ್ಲಿ ಮಂಜು ಬಿಟ್ಟರೆ ಏನೂ ಇರುತ್ತಿರಲಿಲ್ಲ. ಕೆಲವು ವಾರಗಳಲ್ಲಿ ಆ ಆಸಾಮಿ ಬೇಲಿ ದಾಟಿ ಅಂಗಳಕ್ಕೆ ಬಂದ. ಆಮೇಲೆ ಜಗಲಿಯ ಮೆಟ್ಟಿಲಿಗೆ. "ಟೋಪಿ ಕಣ್ಣಿನ ಮಟ್ಟ ಎಳ್ಕಂಡವ್ನೆ. ಮಾತಾಡಾಕಿಲ್ಲ. ಸುಮ್ನೆ ನೋಡ್ತಾನೆ." ನಾನೂ ಸಂಜೆ ಕಿಟಕಿಯ ಪರದೆ ಎಳೆಯತೊಡಗಿದೆ. ಅವರ ನಾಯಿ ಆ ಮೆಟ್ಟಿಲ ಮೇಲೆ ಮಲಗುವುದನ್ನು ಬಿಟ್ಟಿತು.

"ಮಾವನ ಕೋವಿ ಎತ್ತಿಡೋಣ," ಎಂದಳು ಜನೀನ್.

"ಸುಮ್ನಿರಮ್ಮ," ಎಂದಳು ವರ್ನಾ. "ಅದೊಂದೇ ಉಳಿದಿರೋದು ಅವರಿಗೆ. ಅದನ್ನೂ ಕಿತ್ಕೊಂಡ್ರೆ ಗಂಡಸು ಅಂತ ಏನುಳೀತು?"

ಡೇಲ್ ಹೆಂಡತಿಯ ಮೇಲೆ ರೇಗಿದ. "ಶಾಸಕ ಸ್ವಂತ ಅಪ್ಪನ ಕೋವಿ ಇಳಿಸಿದ ಅಂತ ಸುದ್ದಿಯಾದ್ರೆ ನನ್ನ ಕಥೆ ಮುಗೀತು."

"ಜಿಲ್ಲೆಯಲ್ಲಿ ಹತ್ತರಲ್ಲಿ ಎಂಟು ಜನ ಇಂಥ ರೋಗಿಗಳ ಕೈಗೆ ಕೋವಿ ಸಿಗದ ಹಾಗೆ ಕಾನೂನು ಬೇಕು ಅಂತಿದಾರಲ್ಲ, ಡೇಲ್?"

"ಬೇಕು ಅನ್ನೋರು ಮನೇಲಿ ಕೂತಿರ್ತಾರೆ ಕಣೇ. ಬೇಡ ಅನ್ನೋರು ಅಭ್ಯರ್ಥಿ ಆರಿಸೋ ಪಕ್ಷದ ಒಳಚುನಾವಣೆಗೆ ತಪ್ಪದೆ ಬಂದು ಓಟು ಹಾಕ್ತಾರೆ."

ನವೆಂಬರಿನ ಒಂದು ಸಂಜೆ ಮಂಜು ಹಾಲಿನಂತೆ ಇಳಿದಿತ್ತು. ಕೋಳಿಗೂಡಿಗೆ ಹೋಗಿದ್ದ ವರ್ನಾ, ಚಳಿಗೆ ಗಂಡನದೇ ಹಳೆಯ ಕೋಟು, ಟೋಪಿ ಹಾಕಿಕೊಂಡು, ಮೊಟ್ಟೆಯ ಬುಟ್ಟಿ ಹಿಡಿದು ಮೆಟ್ಟಿಲು ಹತ್ತಿದಳು. ಒಂದೇ ಗುಂಡಿನ ಸದ್ದು. ನಾನು ಓಡಿಹೋದಾಗ ಹೋಬರ್ಟ್ ಹೊಸ್ತಿಲಲ್ಲಿ ನೆಮ್ಮದಿಯಾಗಿ ನಿಂತಿದ್ದ.

"ಮುಗೀತು. ಇನ್ನು ಅವ್ನು ಬರಾಕಿಲ್ಲ," ಎಂದ. "ವರ್ನಾನ ಕರಿ. ಹೆದರ್ಕಂಡಿರ್ತಾಳೆ."

ವರ್ನಾ ಅವನ ಕಾಲ ಬುಡದಲ್ಲೇ ಬಿದ್ದಿದ್ದಳು.

ಪೊಲೀಸರು ಕೋವಿ ಒಯ್ದರು. ಬುದ್ಧಿ ಸ್ತಿಮಿತದಲ್ಲಿಲ್ಲದವನ ಮೇಲೆ ಮೊಕದ್ದಮೆ ಹೂಡಲಿಲ್ಲ. ಅಲ್ಲಿಂದಾಚೆ ಪ್ರತಿ ಸಂಜೆ ಅವನು "ವರ್ನಾ ಎಲ್ಲಿ?" ಎಂದು ಕೇಳುತ್ತಿದ್ದ. ನಿಜ ಹೇಳಿದರೆ ಆಗಷ್ಟೇ ಕೇಳಿದವನಂತೆ ಗೋಳಾಡುತ್ತಿದ್ದ. ಸ್ವಲ್ಪ ಹೊತ್ತಿಗೆ ಮರೆತು ಮತ್ತೆ ಕೇಳುತ್ತಿದ್ದ. ಕೊನೆಗೆ ಜನೀನ್ "ಮೊಟ್ಟೆ ತರಕ್ಕೆ ಹೋಗಿದಾರೆ ಮಾವ" ಎನ್ನಲು ಕಲಿತಳು. ಅವನು ಕಿಟಕಿಯ ಬಳಿ ಕೂತು ಮಂಜಿನೊಳಗೆ ಕಣ್ಣು ನೆಟ್ಟು, ಬಾರದವಳಿಗಾಗಿ ನಗುನಗುತ್ತಾ ಕಾಯುತ್ತಿದ್ದ. ಆ ನಗುವನ್ನು ನೋಡಿಕೊಂಡು ಆ ಮನೆಯಲ್ಲಿ ಕೂರುವುದು ನನ್ನಿಂದ ಆಗುತ್ತಿರಲಿಲ್ಲ.

"ಗೂಟ ಖಾಲಿ ಇದ್ರೆ ಅಪ್ಪ ಗಾಬರಿಯಾಗ್ತಾರೆ," ಎಂದು ಡೇಲ್ ಅಲ್ಲಿ ಇನ್ನೊಂದು ಕೋವಿ ನೇತುಹಾಕಿದ. ಅದರಲ್ಲೂ ಗುಂಡಿತ್ತು. ಜನೀನ್ ಕುರ್ಚಿ ಹತ್ತಿ, ಹಗಲು ಹೊತ್ತಿನಲ್ಲಿ, ಎಲ್ಲರೆದುರೇ ಅದನ್ನು ಇಳಿಸಿ ತಂದು ನನ್ನ ಕೈಗೆ ಕೊಟ್ಟಳು. "ಬೀಗ ಹಾಕಿಡಿ. ಡೇಲ್ ಕೇಳಿದ್ರೂ ಕೊಡಬೇಡಿ."

ಆ ಚಳಿಗಾಲದಲ್ಲೇ ಮಸೂದೆಯೊಂದು ಶಾಸನಸಭೆಯ ಸಮಿತಿಗೆ ಬಂತು. ಅದರಂತೆ, ಇಂಥ ರೋಗಿಯ ಕೋವಿಯನ್ನು ತೆಗೆದಿರಿಸಿಕೊಳ್ಳಿ ಎಂದು ಮನೆಯವರು ನ್ಯಾಯಾಲಯವನ್ನು ಕೇಳಬಹುದು, ಅಷ್ಟೇ. ಡೇಲ್ ಆ ಸಮಿತಿಯ ಸದಸ್ಯ. ಸಮಿತಿಯ ಮುಂದೆ ಮಾತಾಡಲು ಹೊರಟ ಜನೀನಳನ್ನು ನಾನು ಕಾರಿನಲ್ಲಿ ಕರೆದೊಯ್ದೆ. ಜಿಂಕೆ ಬೇಟೆಗೆ ಹೋಗುವ ನಮ್ಮೂರ ಗಂಡಸರೂ ಮಸೂದೆಯ ಪರವಾಗಿ ಬಂದಿದ್ದರು.

"ನಮ್ಮತ್ತೆಯನ್ನ ಕೊಂದದ್ದು ನಮ್ಮ ಮಾವ ಅಲ್ಲ," ಎಂದಳು ಜನೀನ್. "ಅವರಿಗೆ ಕಾಯಿಲೆ. ಕೊಂದದ್ದು, ಕೋವಿ ಮುಟ್ಟಬಾರದು ಅಂತ ಸುಮ್ಮನಿದ್ದ ಆರೋಗ್ಯವಂತರು ನಾವು. ಇನ್ನೊಂದು ಮನೇಲಿ ಹೀಗಾಗೋದು ಬೇಡ."

"ನಿಮ್ಮ ಸಮಯ ಮುಗೀತಮ್ಮ," ಎಂದ ಅಧ್ಯಕ್ಷ.

ಡೇಲ್ ಹೆಂಡತಿಯ ಮುಖ ನೋಡಲಿಲ್ಲ. ಸರದಿ ಬಂದಾಗ "ಬೇಡ" ಎಂದ. ಒಂದೇ ಮತದಿಂದ ಮಸೂದೆ ಬಿತ್ತು.

ಹೊರಗೆ ಮೆಟ್ಟಿಲಲ್ಲಿ ಅವನು ಅವಳ ತೋಳು ಹಿಡಿದ. "ಜನದ ಮುಂದೆ ನನ್ನ ಮಾನ ಕಳೆದೆಯಲ್ಲೇ. ನಡಿ ಮನೆಗೆ."

"ಜನ ಹೇಳಿದ್ದು ನಿನಗೆ ಕೇಳಿಸ್ಲಿಲ್ಲ. ಬರೋ ಚುನಾವಣೆಯಲ್ಲಿ ನಿನ್ನೆದುರು ನಾನೇ ನಿಂತು ಕೇಳಿಸ್ತೀನಿ." ಅವಳು ಮೆಲ್ಲಗೆ ತೋಳು ಬಿಡಿಸಿಕೊಂಡಳು. "ನಾನಿವತ್ತು ಮನೆಗೆ ಬರಲ್ಲ, ಡೇಲ್. ಒಲೆ ಮೇಲೆ ಊಟ ಇದೆ, ಬಿಸಿ ಮಾಡಿ ಮಾವನಿಗೆ ಬಡಿಸು. ಹೊತ್ತು ಮುಳುಗಿದ ತಕ್ಷಣ 'ವರ್ನಾ ಎಲ್ಲಿ' ಅಂತ ಕೇಳ್ತಾರೆ. ಇವತ್ತು ನೀನು ಉತ್ತರ ಹೇಳು."