ಸಿಂಪಿ ತಿನ್ನುವಷ್ಟು ವಿರಾಮ

"ಎಲ್ಲಿ, ಕೈ ತೋರಿಸು," ಎಂದಳು ಡೀಲಿಯಾ.

ಅವಳ ಗಂಡ ಬಾರ್ಟ್ಲಿ ಗೆರಾಟಿ ಎರಡೂ ಕೈ ಚಾಚಿದ. ಸೆಂಟರ್ ಮಾರ್ಕೆಟ್ಟಿನಲ್ಲಿ ದನದ ಮಾಂಸ ಕಡಿದು ಕಡಿದು ಅಗಲವಾದ ಕೈಗಳು. ಡೀಲಿಯಾ ಒಣ ಬ್ರೆಡ್ಡಿನ ಪುಡಿ ಹಾಕಿ ಉಜ್ಜಿ ಶುಚಿಮಾಡುತ್ತಿದ್ದ, ಆಡಿನ ಮರಿಯ ತೊಗಲಿನ ಬಿಳಿ ಕೈಗವಸು ಅವನ ಹೆಬ್ಬೆರಳಿಗೂ ಸಾಲುವಂತಿರಲಿಲ್ಲ.

"ಇದರೊಳಗೆ ನಿನ್ನ ಕೈ ತುರುಕಿದ್ರೆ ಆ ಆಡಿನ ಮರಿ ಇನ್ನೊಂದ್ಸಲ ಸಾಯುತ್ತೆ. ಗಿರಾಕಿಗಳದ್ದು, ಮುಟ್ಟಬೇಡ."

"ಕೆಳಗಿನ ಸೀಟಿಗೆ ಕೈಗವಸು ಇಲ್ದೆ ಬಿಡಲ್ವಂತೆ ಕಣೇ! ನಾಟಕ ನೋಡೋದು ಕಣ್ಣಲ್ಲೋ ಕೈಯಲ್ಲೋ? ಇದು ಹಾಕ್ಕೊಂಡು ಚಪ್ಪಾಳೆ ತಟ್ಟಿದ್ರೆ ಸದ್ದಾದ್ರೂ ಬರುತ್ತಾ? ಪುಸ್, ಪುಸ್. ಆ ಒಪೆರಾ ಹೌಸಲ್ಲಿ ಸಭಿಕರೇ ಇಲ್ಲ, ಬರೀ ಸಭ್ಯರು."

ನ್ಯೂಯಾರ್ಕಿನಲ್ಲಿ ಆ ಮೇ ತಿಂಗಳು ಯಾರ ಬಾಯಲ್ಲೂ ಬೇರೆ ಮಾತಿರಲಿಲ್ಲ. ಒಂದೇ ರಾಜನ ಪಾತ್ರಕ್ಕೆ ಇಬ್ಬರು ನಟರು: ಬೋವರಿ ಬೀದಿಯ ದುಡಿಯುವ ಜನರ ಮೆಚ್ಚಿನ ಅಮೆರಿಕದ ನಟ, ಬ್ರಾಡ್‌ವೇ ದೊಡ್ಡವರ ಮೆಚ್ಚಿನ ಇಂಗ್ಲಿಷ್ ನಟ. ಸೋಮವಾರ ಒಪೆರಾ ಹೌಸಿನಲ್ಲಿ ಇಂಗ್ಲಿಷಿನವನ ಮೇಲೆ ಕೊಳೆತ ಮೊಟ್ಟೆ ಬಿತ್ತು, ಆಮೇಲೆ ಕುರ್ಚಿಗಳೇ ಬಿದ್ದವು. ತನ್ನೂರಿನ ಹಡಗು ಹತ್ತುತ್ತೇನೆಂದು ಹೊರಟವನನ್ನು ದೊಡ್ಡ ಮನುಷ್ಯರು ಕೈಮುಗಿದು ನಿಲ್ಲಿಸಿಕೊಂಡಿದ್ದರು. ಕೈಗವಸು ಹಾಕಿಕೊಂಡೇ ಮುಗಿದಿರಬೇಕು. ಈ ಗುರುವಾರ ಮತ್ತೆ ಅದೇ ನಾಟಕ. 'ಈ ಊರು ಆಳುವವರು ನಾವೋ, ಇಂಗ್ಲಿಷರೋ?' ಎಂದು ಬೀದಿಬೀದಿಯ ಗೋಡೆಗಳ ಮೇಲೆ ಕಾಗದ ಅಂಟಿತ್ತು. ಮಾರ್ಕೆಟ್ಟಿನ ಗೆಳೆಯರು ಮೇಲಿನ ಗ್ಯಾಲರಿಯ ಟಿಕೆಟ್ಟುಗಳನ್ನು ಕೊಂಡು ಹಂಚಿದ್ದರು. ಇಂಗ್ಲಿಷಿನವನ ಒಂದು ಮಾತೂ ಯಾರ ಕಿವಿಗೂ ಬೀಳಬಾರದು ಎಂಬುದು ಬಾರ್ಟ್ಲಿಯ ಪಣ.

"ಸರಿ, ಗ್ಯಾಲರಿಗೇ ಹೋಗ್ತೀನಿ. ಅಲ್ಲಿಂದ ಉಸ್ ಅಂತ ಛೀಮಾರಿ ಹಾಕಿದ್ರೂ ಕೇಳ್ಸುತ್ತೆ."

"ನಾನೂ ಬರ್ತೀನಿ."

"ನೀನ್ಯಾಕೆ?"

"ನೀವೆಲ್ಲ ಕೇಳಬಾರದು ಅಂತ ಹೋಗ್ತಿದೀರಲ್ಲ, ನಾನು ಕೇಳೋಕೆ ಹೋಗ್ತೀನಿ."

ಅವಳ ಈ ಹಟದ ಮೂಲ, ಕಡಲ ಸಿಂಪಿಗಳನ್ನು ಹಸಿಯಾಗಿಯೇ ತಿನ್ನಲು ಕೊಡುವ ಓವನ್ ಟಲ್ಟಿಯ ಅಂಗಡಿಯಲ್ಲಿತ್ತು. ನೆಲಮಾಳಿಗೆಯ ಆ ಅಂಗಡಿಯಲ್ಲಿ ಬಾರ್ಟ್ಲಿ ದಿನವೂ ಇಬ್ಬರು ನಟರನ್ನೂ ಅಣಕಿಸುತ್ತಿದ್ದ. ಬೋವರಿಯವನಾದರೆ ಮೇಜಿನ ಲೋಟಗಳು ಗಡಗಡ ಎನ್ನುವಂತೆ ಗರ್ಜನೆ. ಇಂಗ್ಲಿಷಿನವನಾದರೆ ಕರವಸ್ತ್ರ, ಅರೆಮುಚ್ಚಿದ ಕಣ್ಣು, ನಿಟ್ಟುಸಿರು. "ಅವನದು ನಟನೆ, ನಮ್ಮವನದು ನೆಟ್ಟನೆ," ಎಂದು ಪೀಠಿಕೆ ಹಾಕಿ ಶುರುಮಾಡುತ್ತಿದ್ದ. ಕೊನೆಯ ಅಂಕದಲ್ಲಿ ರಾಜ ಒಬ್ಬನೇ ನಿಂತು ಮೆಲ್ಲಗೆ ಆಡುವ ಮಾತಿದೆ. ಅದರ ನಟ್ಟನಡುವೆ ಇಂಗ್ಲಿಷಿನವನು ನಿಲ್ಲಿಸುತ್ತಾನೆ, ಬಹಳ ಹೊತ್ತು. ಬಾರ್ಟ್ಲಿ ಅಲ್ಲಿಗೆ ಬಂದು ಬಾಯಿ ತೆರೆದು ನಿಂತರೆ, ಟಲ್ಟಿ ಅವಸರವೇ ಇಲ್ಲದೆ ಒಂದು ಸಿಂಪಿ ಆರಿಸಿ, ಚಾಕು ತೂರಿಸಿ ಟಕ್ ಎಂದು ತೆರೆದು, ನಿಂಬೆ ಹಿಂಡಿ, ನುಂಗಿ, ಮೀಸೆ ಒರೆಸಿಕೊಂಡು, "ಹ್ಞೂಂ, ಈಗ ಹೇಳಪ್ಪಾ," ಎನ್ನುತ್ತಿದ್ದ. ಅಂಗಡಿ ನಗುವಿನಲ್ಲಿ ಹಾರಿಹೋಗುತ್ತಿತ್ತು. ಮುಂದಿನ ಮಾತು ಯಾರಿಗೂ ಕೇಳುತ್ತಿರಲಿಲ್ಲ.

ಬೋವರಿಯ ನಾಟಕಶಾಲೆಯಲ್ಲಿ ನೋಡಿದಾಗಲೂ ಅಷ್ಟೇ. ಅಲ್ಲಿ ನಟ ಬಾಯಿ ಬಿಡುವ ಮೊದಲೇ ಜನ ಕೂಗಿ ಹೇಳಿಬಿಡುತ್ತಿದ್ದರು. ಆ ರಾಜ ಕೊನೆಗೆ ಏನನ್ನುತ್ತಾನೆ ಎಂಬುದು ಡೀಲಿಯಾಳಿಗೆ ಇವತ್ತಿಗೂ ಗೊತ್ತಿರಲಿಲ್ಲ. ಕೇಳಿದರೆ ಬಾರ್ಟ್ಲಿ, "ಅದನ್ನ ಬರೀ ಬಾಯಲ್ಲಿ ಹೇಳಕ್ಕಾಗಲ್ಲ, ಸಿಂಪಿ ಬೇಕು," ಎಂದು ಹಾರಿಸಿಬಿಡುತ್ತಿದ್ದ.

ಟಿಕೆಟ್ ಕೊಟ್ಟವನು ಟಲ್ಟಿಯೇ. "ತಗೊಳಮ್ಮಾ ನನ್ನದನ್ನ. ನಾನು ಹೊರಗೆ ಗಾಡಿ ನಿಲ್ಲಿಸ್ಕೋತೀನಿ. ಗಲಾಟೆ ಇದ್ದಲ್ಲಿ ಹಸಿವೂ ಇರುತ್ತೆ," ಎಂದ. ಉಪಚಾರಕ್ಕೂ ಅವಳು ಒಮ್ಮೆ ಬೇಡವೆನ್ನಲಿಲ್ಲ. ಕಿತ್ತುಕೊಂಡಂತೆ ತೆಗೆದುಕೊಂಡಳು.

ಗ್ಯಾಲರಿಗೆ ಬೇರೆಯೇ ಕಿರಿದಾದ ಮೆಟ್ಟಿಲು. ಮೇಲೆ ಬರಿಯ ಮರದ ಬೆಂಚು, ಎದುರಿಗೆ ದೊಡ್ಡ ತೂಗುದೀಪ. ರಂಗದ ಅರ್ಧ ಭಾಗ ಅದರ ಹಿಂದೆಯೇ ನಡೆಯುತ್ತಿತ್ತು. ಕೆಳಗೆ ಸಾಲುಸಾಲು ಬಿಳಿ ಕೈಗಳು. ಡೀಲಿಯಾ ಕೆಲವನ್ನು ಗುರುತು ಹಿಡಿದಳು: ಮೂರನೇ ಸಾಲಿನ ಎಡಗೈಯಲ್ಲಿ ಅವಳೇ ಹಾಕಿದ ಹೊಲಿಗೆಯಿತ್ತು.

ಇಂಗ್ಲಿಷ್ ನಟ ಬಂದದ್ದೇ ತಡ, ಗ್ಯಾಲರಿ ಹಾವಿನ ಹುತ್ತವಾಯಿತು. ಉಸ್ಸೆಂದವರನ್ನು ಪೊಲೀಸರು ಕುತ್ತಿಗೆಪಟ್ಟಿ ಹಿಡಿದು ಎಳೆದೊಯ್ದರು. ಉಳಿದವರು ಇನ್ನೂ ಜೋರಾಗಿ ಬುಸುಗುಟ್ಟಿದರು. ಹೊರಗಿನಿಂದ ಕಲ್ಲುಗಳು ಕಿಟಕಿ ಒಡೆದು ಒಳಗೆ ಬೀಳತೊಡಗಿದವು. ಆ ನಟ ಮಾತ್ರ ನಿಲ್ಲಿಸಲಿಲ್ಲ. ಅವನ ತುಟಿ ಆಡುತ್ತಿತ್ತು, ಕರವಸ್ತ್ರ ಆಡುತ್ತಿತ್ತು, ಒಂದಕ್ಷರವೂ ಮೇಲೆ ಬರುತ್ತಿರಲಿಲ್ಲ. ಒಂದೊಂದೇ ಅಂಕ ಹಾಗೆಯೇ ಮುಗಿಯುತ್ತ ಬಂತು.

ಕೊನೆಯ ಅಂಕದಲ್ಲಿ ರಾಜ ಒಬ್ಬನೇ ಮುಂದೆ ಬಂದ. ಡೀಲಿಯಾ ಗಂಡನ ಅಂಗಿಯ ತೋಳು ಹಿಡಿದಳು.

"ನೀವು ಅವನ ಬಾಯಿ ಮುಚ್ಚಿಸಿದ್ರಿ. ನಿನ್ನ ಬಾಯಿ ಇದೆಯಲ್ಲ, ಹೇಳು."

"ಏನು ಹೇಳಲಿ? ನಾನು ಉಸ್ ಅನ್ನೋಕೆ ಬಂದೋನು!"

"ಸಿಂಪಿಗೋಸ್ಕರ ದಿನಾ ಹೇಳ್ತೀಯ. ಹೆಂಡ್ತಿಗೋಸ್ಕರ ಒಂದಿನ ಹೇಳು. ನಾನು ಕೇಳದೆ ಇಲ್ಲಿಂದ ಏಳಲ್ಲ."

ಬಾರ್ಟ್ಲಿ ಸುತ್ತ ನೋಡಿದ. ನಂತರ ಕೆಳಗಿನ ತುಟಿಗಳನ್ನು ನೋಡುತ್ತ, ಅವು ಆಡಿದಂತೆ ಆಡತೊಡಗಿದ. ಮೊದಲು ಅಣಕದ ಮೂಗುದನಿ. ಹಿಂದಿನ ಬೆಂಚಿನವರು, "ನೋಡ್ರೋ, ಇಂಗ್ಲಿಷ್ ಬಾರ್ಟ್ಲಿ!" ಎಂದು ನಕ್ಕು ಬಗ್ಗಿ ಕಿವಿಗೊಟ್ಟರು. ಕಿವಿಗೊಡಲು ಸುಮ್ಮನಾಗಬೇಕಾಯಿತು. ಒಂದು ಬೆಂಚು ಸುಮ್ಮನಾಯಿತು, ಅದರ ಹಿಂದಿನದೂ ಸುಮ್ಮನಾಯಿತು. ಮೂಗುದನಿ ಯಾವಾಗಲೋ ಜಾರಿಹೋಗಿತ್ತು. ಬಾರ್ಟ್ಲಿಯ ಎದೆಯಿಂದ ಬರುತ್ತಿದ್ದ ಮಾತು ತೂಗುದೀಪ ದಾಟಿ ಕೆಳಗಿನ ತುಟಿಗಳಿಗೆ ಸರಿಯಾಗಿ ಹೊಂದುತ್ತಿತ್ತು. ಇಬ್ಬರೂ ಒಟ್ಟಿಗೇ ಆ ವಿರಾಮಕ್ಕೆ ಬಂದು ನಿಂತರು.

ಯಾರೂ ನಗಲಿಲ್ಲ. ಡೀಲಿಯಾ ಮುಂದಕ್ಕೆ ಬಗ್ಗಿದಳು.

ಆಗ ಹೊರಗೆ, ಗಾಡಿಯಿಂದ ಹಲಗೆಗಳನ್ನು ಒಮ್ಮೆಗೇ ಕೆಡವಿದಂಥ ಸದ್ದಾಯಿತು. ಇನ್ನೊಮ್ಮೆ ಆಯಿತು.

"ಮಿಲಿಟರಿಯವರು ಗುಂಡು ಹಾರಿಸ್ತಿದಾರೆ!" ಎಂದು ಯಾರೋ ಕೂಗಿದರು. ಗ್ಯಾಲರಿ ಕಿರಿದಾದ ಮೆಟ್ಟಿಲಿಗೆ ನುಗ್ಗಿತು.

ಬೀದಿಯಲ್ಲಿ ಹೊಗೆ. ಅಗೆದಿದ್ದ ಚರಂಡಿಯ ಪಕ್ಕ ಟಲ್ಟಿಯ ಗಾಡಿ ಮಗುಚಿತ್ತು. ಸಿಂಪಿಗಳ ನಡುವೆ ಟಲ್ಟಿ ಮಲಗಿದ್ದ, ಚಾಕು ಕೈಯಲ್ಲೇ ಇತ್ತು. ಅವನು ಕಲ್ಲು ಎಸೆದವನಲ್ಲ, ಕೂಗಿದವನೂ ಅಲ್ಲ. ಡೀಲಿಯಾ ಮಂಡಿಯೂರಿ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಚಾಕು ತೆಗೆದು, ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು.

ಅವನನ್ನು ಮಣ್ಣು ಮಾಡಿ ಬಂದ ಮಧ್ಯಾಹ್ನ ಎಲ್ಲರೂ ಟಲ್ಟಿಯ ಅಂಗಡಿಯಲ್ಲಿ ಸೇರಿದರು. ಮೇಲೆ ಬೀದಿಯಲ್ಲಿ ಗಾಡಿಗಳು ಉರುಳುವುದು ಮಾತ್ರ ಕೇಳುತ್ತಿತ್ತು.

"ಶುರುಮಾಡು ಬಾರ್ಟ್ಲಿ," ಎಂದಳು ಡೀಲಿಯಾ.

"ಹುಚ್ಚಾ ನಿಂಗೆ? ಇವತ್ತಾ?"

"ಇವತ್ತೇ. ನನ್ನ ಹತ್ರ ಅವನ ಟಿಕೆಟ್ ಇತ್ತು. ನಾಟಕ ಮುಗಿದಿಲ್ಲ."

ಅವಳ ಮುಖ ನೋಡಿದ ಬಾರ್ಟ್ಲಿ ಎದ್ದು ನಿಂತ. ಕರವಸ್ತ್ರ ತೆಗೆಯಲಿಲ್ಲ, ಕಣ್ಣು ಅರೆಮುಚ್ಚಲಿಲ್ಲ. ಮಾತು ಶುರುವಾಗಿ, ಮೆಲ್ಲಗೆ ಸಾಗಿ, ಆ ಜಾಗಕ್ಕೆ ಬಂದು ನಿಂತಿತು. ಎಲ್ಲರ ಕಣ್ಣೂ ಟಲ್ಟಿ ನಿಲ್ಲುತ್ತಿದ್ದ ಮರದ ಕಟ್ಟೆಯ ಹಿಂದಿನ ಖಾಲಿ ಜಾಗಕ್ಕೆ ಹೋಯಿತು.

ಡೀಲಿಯಾ ಅಲ್ಲಿಗೆ ಹೋಗಿ ನಿಂತಳು. ಬುಟ್ಟಿಯಿಂದ ಒಂದು ಸಿಂಪಿ ಆರಿಸಿದಳು. ಅಭ್ಯಾಸವಿಲ್ಲದ ಕೈ; ಚಾಕು ಜಾರಿ ಅಂಗೈ ಕೊಯ್ಯಿತು. ಅವಳು ಬಿಡಲಿಲ್ಲ. ಕೊನೆಗೆ ಟಕ್ ಎಂದಿತು. ನಿಂಬೆ ಹಿಂಡಿ ಕಟ್ಟೆಯ ಮೇಲಿಟ್ಟಳು.

"ಹ್ಞೂಂ," ಎಂದಳು. "ಈಗ ಹೇಳಪ್ಪಾ."

ಬಾರ್ಟ್ಲಿ ಮುಂದಿನ ಮಾತು ಹೇಳಿದ, ತನ್ನದೇ ದನಿಯಲ್ಲಿ, ಕೊನೆಯವರೆಗೂ. ಸಿಂಪಿಯ ಚಿಪ್ಪಿನಿಂದ ಉಪ್ಪುನೀರು ಕಟ್ಟೆಯ ಮರಕ್ಕೆ ಇಳಿದು, ಚಾಕುವಿನ ಹಳೆಯ ಗೀರುಗಳ ಗುಂಟ ಹರಿಯುತ್ತಿತ್ತು.