ಪೂರ್ತಿ ಹಾಳಲ್ಲ

ಪಾಲಿಶ್ ಮಾಡಿದ ಮೇಜನ್ನು ತಲುಪಿಸಿ ಬಂದ ಮೂರನೆಯ ದಿನ ಬೆಳಿಗ್ಗೆ ಅಕ್ಕನ ಫೋನಿಗೆ ಮೆಸೇಜು ಬಂತು. ಕಳಿಸಿದವರು ಮೇಜಿನ ಒಡತಿ, ನಿವೃತ್ತ ಮೇಡಂ. ದೂರು ಇಂಗ್ಲಿಷಿನಲ್ಲಿದ್ದರೇ ತೂಕ ಎಂದು ನಂಬಿದವರು. ಅಕ್ಕನಿಗೆ ಇಂಗ್ಲಿಷ್ ಬಾರದು. ನಾನು ಓದಿದೆ. ಪಾಲಿಶ್ ‘ಮಾರ್’ ಆಗಿದೆಯಂತೆ.

“ಹಂಗಂದ್ರೆ?”

“ಹಾಳಾಗಿದೆ ಅಂತ.”

ಅಕ್ಕ ಕುಸಿದು ಕೂತಳು. ಮೇಸ್ತ್ರಿಯ ಕೈಕೆಳಗಿನಿಂದ ಹೊರಬಂದು ತಾನೇ ಹಿಡಿದ ಮೊದಲ ಕೆಲಸ ಅದು. ಹದಿನೆಂಟು ದಿನ, ಅರಗಿನ ಪಾಲಿಶ್ಶಿನ ಒಂದೊಂದೇ ತೆಳು ಪದರ. ಇದು ಕೆಟ್ಟರೆ ಮತ್ತೆ ಮೇಸ್ತ್ರಿಯ ಬಾಗಿಲೇ ಗತಿ. ಕೊನೆಗೆ ಎದ್ದವಳೇ ಸ್ಯಾಂಡ್ ಪೇಪರಿನ ಕಟ್ಟನ್ನು ಚೀಲಕ್ಕೆ ತುರುಕಿದಳು.

“ಎಲ್ಲಾ ಕೆರೆದು ಮೊದಲಿಂದ ಮಾಡ್ತೀನಿ. ನಡಿಯೋ.”

ಬಸ್ಸಿನಲ್ಲಿ ಯಾಕೋ ಅನುಮಾನ ಬಂದು ಫೋನಿನಲ್ಲಿ ನಿಘಂಟು ತೆರೆದೆ. ‘ಅಂದಕ್ಕೆ ಕುಂದು ತರು’ ಎಂಬ ಅರ್ಥದ ಕೆಳಗೆ ಬಳಕೆಯ ವಾಕ್ಯಗಳಿದ್ದವು. ಗೀರು ಬಿದ್ದ ಕನ್ನಡಿ. ಕೆಮ್ಮು ನುಗ್ಗಿದ ಹಾಡು.

“ಅಕ್ಕಾ, ತಪ್ಪು ಹೇಳಿದೆ. ಪೂರ್ತಿ ಹಾಳಲ್ಲ. ಹಾಡು ಚೆನ್ನಾಗೇ ಇದೆ, ನಡುವೆ ಯಾರೋ ಕೆಮ್ಮಿದಾರೆ, ಅಷ್ಟೇ.”

“ಮೊದಲೇ ಬೊಗಳೋಕೆ ಏನಾಗಿತ್ತು ನಿಂಗೆ? ಅರ್ಧ ಜೀವ ಹೋಯ್ತು.”

ಮೇಡಂ ಮನೆಯಲ್ಲಿ ಅಕ್ಕ ಮೇಜನ್ನು ಮೇಲಿಂದ ನೋಡಲಿಲ್ಲ. ಅಂಚಿಗೆ ಕೆನ್ನೆಯಿಟ್ಟು, ಕಿಟಕಿಯ ಬೆಳಕಿಗೆ ಎದುರಾಗಿ ನೋಡಿದಳು. ಉಂಗುರದಂಥ ಒಂದು ಬಿಳಿ ಕಲೆ. ಒಂದು ಕಡೆ ತುಂಡಾಗಿತ್ತು.

ತಳ ಮುಕ್ಕಾದ ಲೋಟ ನನ್ನದು. ಮೇಜು ಇಳಿಸಿದ ದಿನ ಫ್ಲಾಸ್ಕಿನ ಬಿಸಿ ಚಹಾ ಸುರಿದುಕೊಂಡು ಅಲ್ಲಿಟ್ಟವನು ನಾನೇ.

“ನಾನಂತೂ ಬಿಸಿ ಏನೂ ಇಟ್ಟಿಲ್ಲಮ್ಮ,” ಎಂದರು ಮೇಡಂ.

ಅಕ್ಕ ಆ ತುಂಡಾದ ಜಾಗವನ್ನು ನೋಡಿದಳು. ಆಮೇಲೆ ನನ್ನನ್ನು.

“ನಮ್ಮ ಕಡೆಯಿಂದಲೇ ಆಗಿರೋದು ಮೇಡಂ. ನನ್ನ ತಪ್ಪು. ಸರಿ ಮಾಡ್ತೀನಿ.”

ಬಟ್ಟೆಗೆ ಸ್ಪಿರಿಟ್ ಸೋಕಿಸಿ, ಮಲಗಿದ ಮಗುವಿನ ಹಣೆ ಮುಟ್ಟಿದ ಹಾಗೆ ಸವರಿದಳು. ಉಂಗುರ ಮಸುಕಾಯಿತು, ಮಾಯವಾಯಿತು.

“ಮುಖ ಕಾಣುತ್ತಲ್ಲೇ!” ಮೇಡಂ ತಮ್ಮ ಇಂಗ್ಲಿಷ್ ದೂರನ್ನೇ ಮರೆತಿದ್ದರು. “ನಮ್ಮ ತಂಗಿ ಮನೆ ಬೀರೂನೂ ನೀನೇ ಮಾಡಿಕೊಡು.”

ಹೊರಗೆ ಬಂದ ಮೇಲೆ ನಾನು ಬಾಯಿ ತೆರೆದೆ. “ಅಕ್ಕಾ, ಅದು...”

“ಗೊತ್ತು, ಸುಮ್ನಿರು. ನೀನು ನಿಘಂಟು ನೋಡದೇ ಇದ್ದಿದ್ರೆ ನಾನು ಮೇಜನ್ನೇ ಕೆರೆದು ಹಾಕ್ತಿದ್ದೆ.”

ಮನೆಗೆ ಬಂದು ಆ ಲೋಟವನ್ನು ಎಸೆಯಲು ಹೋದೆ. ಅಕ್ಕ ಕಿತ್ತುಕೊಂಡು, ಅದರಲ್ಲೇ ಚಹಾ ಸುರಿದು, ಕೆಳಗೆ ನಾಲ್ಕು ಮಡಿಕೆಯ ಬಟ್ಟೆಯಿಟ್ಟು ನನ್ನ ಮುಂದೆ ತಳ್ಳಿದಳು.

ಕುಡಿದು ಮುಗಿಯುವವರೆಗೂ ನಾನದನ್ನು ಕೆಳಗಿಡಲಿಲ್ಲ.