ಒಂದೇ ಪುಸ್ತಕ, ಎರಡು ತಲೆ

ಭಾನುವಾರ ಬೆಳಿಗ್ಗೆ ಹತ್ತಾಯಿತೆಂದರೆ ನಮ್ಮೆಲ್ಲರಿಗೂ ಚಿಕ್ಕಮ್ಮನಂತಿದ್ದ ರಾಜಮ್ಮ ಕಾಕು ಬಾಲ್ಕನಿಯಲ್ಲಿ ಕೂತು ಕಣ್ಣು ಮುಚ್ಚಿಬಿಡುತ್ತಿದ್ದರು. ಮುಚ್ಚಿದ ಕಣ್ಣೊಳಗೆ ನಾಗಪುರದ ಸದರ್‌ನ ನಮ್ಮ ಕನ್ನಡ ಚರ್ಚ್ ತೆರೆದುಕೊಳ್ಳುತ್ತಿತ್ತು. ಬಣ್ಣದ ಗಾಜಿನಿಂದ ಇಳಿದ ಬಿಸಿಲು ಸೆರಗಿನ ಮೇಲೆ ನೀಲಿಯಾಗಿ ಹರಿಯುತ್ತಿತ್ತು. ಪಕ್ಕದಲ್ಲಿ ಗಂಡ ಭೀಮಪ್ಪ ಕಾಕಾ ಗಟ್ಟಿ ದನಿಯಲ್ಲಿ ಹಾಡುತ್ತಿದ್ದರು. ಕಣ್ಣು ಬಿಟ್ಟರೆ ಅದೇ ಕಾಕಾ ಹಳೆಯ ದಮ್ಮಿನ ಕಾಯಿಲೆಯಿಂದ ಮಂಚದ ಮೇಲೆ ಏದುಸಿರು ಬಿಡುತ್ತಾ ಮಲಗಿರುತ್ತಿದ್ದರು. ಕೊರೊನಾ ಬಂದು ಚರ್ಚಿಗೆ ಬೀಗ ಬಿದ್ದು ಎಂಟು ತಿಂಗಳಾಗಿತ್ತು.

ಬಾಗಿಲು ತೆರೆಯಬಹುದು ಎಂದು ಸರ್ಕಾರ ಹೇಳಿದ್ದೇ ತಡ, ಕಾಕು ಕಮಿಟಿ ಮೀಟಿಂಗಿನಲ್ಲಿ ಎದ್ದು ನಿಂತರು. ಹಾರ್ಮೋನಿಯಂ ನುಡಿಸುವ ಪ್ರೇಮಾ, ಅಂದರೆ ನಾನು, ಅಲ್ಲೇ ಇದ್ದೆ.

"ಬಜಾರ್‌ದಾಗ ಕಾಲಿಡಾಕ ಜಾಗಾ ಇಲ್ಲ, ದೇವರ ಮನಿಗಷ್ಟ ಕೀಲಿ! ಇದ್ಯಾವ ನ್ಯಾಯ ರೀ? ನಮ್ಮ ಮನ್ಯಾನವರು ಅಲ್ಲಿ ಕುಂತು ಒಮ್ಮೆ ಹಾಡಬೇಕು ಅಂತಾರ. ಬರೋ ಭಾನುವಾರನs ತೆರೀರಿ."

ರಾಮದಾಸಪೇಠ್‌ನ ಆಸ್ಪತ್ರೆಯಲ್ಲಿ ಕೊರೊನಾ ವಾರ್ಡ್ ನೋಡಿಕೊಳ್ಳುವ, ನಮ್ಮ ಚರ್ಚಿನವಳೇ ಆದ ನರ್ಸ್ ವಿಜಯಾ ಮೆಲ್ಲಗೆ ಅಂದಳು, "ಕಾಕು, ತೆರೀಬ್ಯಾಡ್ರಿ ಅನ್ನಂಗಿಲ್ಲ. ಮೊದಲ ಹತ್ತು ಮಂದಿ ಕೂಡಿ ಒಂದು ತಾಲೀಮು ಮಾಡೂಣು. ಬರೋಬರ್ ಆದ್ರ ತೆರೀರಿ."

"ಮಾಡೂಣ ತಗೋ! ನಾವೇನು ಸಣ್ಣ ಹುಡುಗರೇನು?" ಎಂದರು ಕಾಕು.

ಶನಿವಾರ ಹತ್ತು ಮಂದಿ ಚರ್ಚಿನಲ್ಲಿ ಸೇರಿದೆವು. ಆರು ಅಡಿಗೊಂದು ಸುಣ್ಣದ ಗುರುತು, ಗುರುತಿಗೊಂದು ಕುರ್ಚಿ, ಎಲ್ಲರ ಬಾಯಿಗೂ ಮಾಸ್ಕ್. ಪ್ರಾರ್ಥನೆ ಚೆನ್ನಾಗಿಯೇ ಆಯಿತು. ಕಾಕು ವಿಜಯಾಳ ಕಡೆ ಹುಬ್ಬು ಹಾರಿಸಿದರು.

ಆಮೇಲೆ ಹಾಡು. ಎಷ್ಟು ದಿನದ ಮೇಲೆ! ನಾನು ಕಣ್ಣು ಮುಚ್ಚಿ ನುಡಿಸಿದೆ. ಹಾಡು ಮೇಲೆದ್ದು ಗಾಜಿನ ಬಣ್ಣದೊಳಗೆ ತೇಲಿದಂತಾಯಿತು. ನಾನೂ ತೇಲಿದೆ, ಸುಳ್ಳು ಯಾಕೆ ಹೇಳಲಿ?

ಹಾಡು ಮುಗಿದು ಕಣ್ಣು ಬಿಟ್ಟರೆ, ಅಯ್ಯೋ! ಗುರುತಿನ ಮೇಲೆ ಒಂದು ಕುರ್ಚಿಯೂ ಇಲ್ಲ, ಎಲ್ಲ ಹಾಡಿನ ಪುಸ್ತಕಗಳ ಸುತ್ತ ಒತ್ತಿಕೊಂಡಿವೆ. ನಮ್ಮಲ್ಲಿ ಕನ್ನಡದ ಹಾಡಿನ ಪುಸ್ತಕ ಇರುವುದೇ ಹನ್ನೆರಡು. ಹಂಚಿಕೊಂಡು ಹಾಡುವ ಅಭ್ಯಾಸದಿಂದ ಆ ದಿನ ಕಪಾಟಿನಿಂದ ತೆಗೆದದ್ದು ನಾಲ್ಕೇ. ನಾಗಪುರದಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಕನ್ನಡ ಓದಲು ತಡವರಿಕೆ. ಹಿರಿಯರು ಸಾಲಿನ ಕೆಳಗೆ ಬೆರಳಿಟ್ಟು ತೋರಿಸಬೇಕು, ಕಿರಿಯರು ತಲೆಗೆ ತಲೆ ತಾಗಿಸಿ ಹಾಡಬೇಕು. ನಮ್ಮ ಚರ್ಚಿನ ರೂಢಿಯೇ ಅದು. ಎಲ್ಲರ ಮಾಸ್ಕೂ ಗದ್ದಕ್ಕೆ ಇಳಿದಿತ್ತು. ಕಾಕು ಅವರ ಬೆರಳು ಇನ್ನೂ ಪುಸ್ತಕದ ಮೇಲಿತ್ತು, ಬ್ಯಾಂಕಿನಲ್ಲಿ ದಿನವೂ ನೂರಾರು ಜನರ ನಡುವೆ ಕೆಲಸ ಮಾಡುವ ರಚನಾ ಅವರ ಕೆನ್ನೆಗೆ ಕೆನ್ನೆ ಹಚ್ಚಿ ಕೂತಿದ್ದಳು.

ವಿಜಯಾ ಬೈಯಲಿಲ್ಲ. "ಕಾಕು, ಗಟ್ಟಿಯಾಗಿ ಹಾಡಿದ್ರ ಉಸಿರು ಭಾಳ ದೂರ ಹೋಗತೈತಿ. ಕಿಟಕಿ ಮುಚ್ಚಿದ ಚರ್ಚಿನೊಳಗ ಅಲ್ಲೇ ನಿಂದರತೈತಿ. ಮೈಯಾಗ ರೋಗ ಇದ್ರೂ ಒಮ್ಮೊಮ್ಮೆ ಗೊತ್ತs ಆಗಂಗಿಲ್ಲ."

"ನಮ್ಮ ಮನ್ಯಾನವರನ್ನ ಕರಕೊಂಡು ಬರೂದಿಲ್ಲ ಬಿಡು, ಮನ್ಯಾಗ ಇರ್ತಾರ," ಎಂದರು ಕಾಕು.

"ಅವರಿಗೆ ಊಟ ಕೊಡೋರು ಯಾರ್ರೀ? ಇಲ್ಲಿಂದ ಹೋದ ನೀವs ಅಲ್ಲೇನು?"

ಕಾಕು ಪುಸ್ತಕ ಮುಚ್ಚಿ, ಮಾಸ್ಕ್ ಮೇಲೆಳೆದುಕೊಂಡು, ತಮ್ಮ ಕುರ್ಚಿಯನ್ನು ತಾವೇ ಹಿಂದಕ್ಕೆ ಎಳೆದರು. ಅಲ್ಲೇ ಕೂಡಿದ ಕಮಿಟಿಯಲ್ಲಿ ಈ ತೀರ್ಮಾನಕ್ಕೆ ಮೊದಲು ಕೈ ಎತ್ತಿದ್ದೂ ಅವರೇ: ಊರಿನಲ್ಲಿ ರೋಗ ಇಳಿಯಲಿ, ಹದಿನೈದು ದಿನಕ್ಕೊಮ್ಮೆ ವಿಜಯಾಳನ್ನು ಕೇಳೋಣ. ಮೊದಲು ಅಂಗಳದಲ್ಲಿ ಸೇರೋಣ, ಸ್ವಲ್ಪವೇ ಜನ, ಹಾಡಿಲ್ಲದ ಆರಾಧನೆ. ಒಬ್ಬೊಬ್ಬರಿಗೂ ಪ್ರಾರ್ಥನೆಯ ಬೇರೆ ಹಾಳೆ. ವಯಸ್ಸಾದವರಿಗೆ ಫೋನಿನಲ್ಲೇ ಪ್ರಾರ್ಥನೆ.

ಕಾಕು ಜೊತೆ ಅವರ ಮನೆತನಕ ನಾನೂ ಹೋದೆ. ಕಾಕಾ ಮಂಚದಿಂದಲೇ ಕೇಳಿದರು, "ಯಾವಾಗ ತೆರೀತಾರ?"

ಕಾಕು ಕೈ ತೊಳೆದು, ಬಾಗಿಲಲ್ಲೇ ನಿಂತರು. "ಈಗ ಬ್ಯಾಡ ಅಂತ ನಾನs ಹೇಳಿ ಬಂದೆ."

ಕಾಕಾ ಸಿಟ್ಟಿನಿಂದ ಗೋಡೆ ಕಡೆ ತಿರುಗಿದರು. "ನನ್ನ ಜೀವದಾಗ ಇನ್ನೆಷ್ಟು ಭಾನುವಾರ ಅದಾವೋ, ನಿನಗೇನು ಗೊತ್ತು?"

"ಗೊತ್ತಿಲ್ಲ ರೀ. ಅದಕ್ಕs ಒಂದೂ ಕಳಕೊಳ್ಳಾಕ ನಾ ತಯಾರಿಲ್ಲ." ಕಾಕು ಅಳುತ್ತಿದ್ದರು. "ಚರ್ಚ್ ಎಲ್ಲೂ ಓಡಿಹೋಗಂಗಿಲ್ಲ. ನನಗ ನೀವು ಬೇಕು."

ಕಾಕಾ ಈ ಕಡೆ ತಿರುಗಿದರು. "ಸಿಟ್ಟು ಇನ್ನೂ ಹೋಗಿಲ್ಲ," ಎಂದರು. "ಆದ್ರೂ ಚಹಾ ಮಾಡು."

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಚರ್ಚಿನ ಬೀಗ ತೆಗೆಯುವ ಮುನ್ನ ನೀವೂ ಒಂದು ತಾಲೀಮು ಮಾಡಿ ನೋಡಿ. ಊರಿನ ಆರೋಗ್ಯ ಕಾರ್ಯಕರ್ತೆಯನ್ನು ಕೇಳಿ. ನಿಮ್ಮ ಪ್ರೀತಿಯ ರೂಢಿ ಯಾವುದೋ, ರೋಗ ಅಲ್ಲೇ ನುಸುಳುತ್ತದೆ. ಅವಸರ ಬೇಡ. ಬಾಗಿಲು ತೆರೆಯುವ ದಿನ ಎಲ್ಲರೂ ಇರಬೇಕಲ್ಲ!